ಹುಲ್ಲು ಕಾಣಬೇಕು ಎಂದ ಪಿಟಿ ಮೇಷ್ಟ್ರು

ನಮ್ಮ ಪಿಟಿ ಮೇಷ್ಟ್ರು ಶಾಲೆಯ ಮೈದಾನದಲ್ಲಿ, ಕಲ್ಲಿಲ್ಲದ ಗುಂಡಿಯಿಲ್ಲದ ಜಾಗದಲ್ಲಿ, ಸುಮ್ಮನೆ ನಡೆಯುತ್ತಿದ್ದಾಗ ಮುಗ್ಗರಿಸಿ ಬಿದ್ದರಂತೆ ಎಂಬ ಸುದ್ದಿ ತಂದವನು ನಗುತ್ತಲೇ ಹೇಳಿದ. ಕೇಳಿದ ನಾನೂ ನಕ್ಕೆ. ನ್ಯಾಮತಿಯ ಹೈಸ್ಕೂಲಿನಲ್ಲಿ ಅವರ ಸೀಟಿಯ ಸದ್ದಿಗೆ ಮೂರು ವರ್ಷ ಓಡಿದವರಿಗೆ ಆ ನಗು ಅರ್ಥವಾದೀತು. ಬೀಳುವುದೆಂದರೆ ಅವರ ಪ್ರಕಾರ ಸೋಮಾರಿತನ. ನಾವು ಮಂಡಿ ತರಚಿಕೊಂಡು ಕೂತರೆ ಹತ್ತಿರ ಬಂದು, "ನೆಲಾನೇ ಎದ್ದು ಬಂದು ನಿಂಗೆ ಹೊಡೀತೇನಲೇ?" ಎಂದು ಕೇಳುತ್ತಿದ್ದರು.

ಎತ್ತರದ ಆಳಲ್ಲ. ಕಪ್ಪು ಮೈ, ಗಂಟುಗಂಟಾದ ಮೀನಖಂಡ, ಕತ್ತಿನಲ್ಲಿ ಸೀಟಿ, ಕೈಯಲ್ಲಿ ಸ್ಟಾಪ್‌ವಾಚು. ಮೈದಾನಕ್ಕೆ ಕಾಲಿಡುವ ಮುಂಚೆ ಚಪ್ಪಲಿ ಬಿಡುತ್ತಿದ್ದರು. ನೆಲ ಎಷ್ಟು ಕಾದಿದೆ, ಎಷ್ಟು ಗಟ್ಟಿಯಾಗಿದೆ ಎಂಬುದು ಅಂಗಾಲಿಗೇ ತಿಳಿಯಬೇಕು ಎನ್ನುವುದು ಅವರ ವಾದ. ತಡವಾಗಿ ಬಂದವರು ಬಸ್ಸಿನ ಕಥೆ, ಜ್ವರದ ಕಥೆ ತೆಗೆದರೆ ಅಂಗೈ ಅಡ್ಡ ಹಿಡಿದು, "ಕಾರಣ ಬೇಡ, ಟೈಮ್ ಹೇಳು" ಎನ್ನುತ್ತಿದ್ದರು. ಒಳ್ಳೆಯವರು ಎಂದು ನಾನಂತೂ ಆಗ ಹೇಳುತ್ತಿರಲಿಲ್ಲ. ನಾನು ದಪ್ಪಗಿದ್ದೆ. ನನ್ನನ್ನು ಮೊದಲು "ಮೂಟೆ" ಎಂದು ಕರೆದವರು ಅವರೇ. ಮೈದಾನದಲ್ಲಿ ಹುಟ್ಟಿದ ಆ ಹೆಸರು ತರಗತಿಗೆ ಬಂತು, ಅಲ್ಲಿಂದ ಮನೆಗೆ ಬಂದು ತಂಗಿಯ ಬಾಯಲ್ಲೂ ಕೂತಿತು.

ಒಮ್ಮೆ ಹೊನ್ನಾಳಿಯಲ್ಲಿ ತಾಲ್ಲೂಕು ಕ್ರೀಡಾಕೂಟ. ಸಾವಿರದ ಐನೂರು ಮೀಟರ್ ಓಡಬೇಕಾದ ಹುಡುಗ ಬರಲಿಲ್ಲ. ಪಟ್ಟಿಯಲ್ಲಿ ಹೆಸರು ಖಾಲಿ ಬಿಡಬಾರದೆಂದು ಮೇಷ್ಟ್ರು ನನ್ನನ್ನು ಎಳೆದು ನಿಲ್ಲಿಸಿದರು. ಉಳಿದವರು ಓಡಿ ಮುಗಿಸಿ, ಬಹುಮಾನ ಯಾರಿಗೆಂದು ಮೈಕಿನಲ್ಲಿ ಹೇಳಿಯಾಗಿ, ಜನ ಊಟದ ಸಾಲಿಗೆ ಹೊರಟಿದ್ದರು. ನಾನಿನ್ನೂ ಕೊನೆಯ ಸುತ್ತಿನಲ್ಲಿ ಅಳುತ್ತಾ ಕಾಲೆಳೆಯುತ್ತಿದ್ದೆ. ಸುಣ್ಣದ ಗೆರೆಯ ಹತ್ತಿರ ಒಬ್ಬರೇ ಒಬ್ಬರು ನಿಂತಿದ್ದರು, ಬರಿಗಾಲಲ್ಲಿ, ಸ್ಟಾಪ್‌ವಾಚು ಹಿಡಿದು. ನಾನು ಗೆರೆ ದಾಟಿದಾಗ ಗುಂಡಿ ಒತ್ತಿ, ಗೆದ್ದವನಿಗೆ ಹೇಳಿದ ದನಿಯಲ್ಲೇ ಹೇಳಿದರು: "ಒಂಬತ್ತು ನಿಮಿಷ ಹನ್ನೊಂದು ಸೆಕೆಂಡ್." ಬೆನ್ನು ತಟ್ಟಲಿಲ್ಲ, ಬೈಯಲೂ ಇಲ್ಲ. ಊಟಕ್ಕೆ ಹೋಗೋಣ ನಡಿ ಎಂದರು.

ಆಮೇಲೆ ನಾನು ಡಿಪ್ಲೊಮಾ ಮಾಡಿ ಚನ್ನಗಿರಿಯ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ಕಂಪ್ಯೂಟರ್ ಅಂಗಡಿ ಇಟ್ಟೆ. ಅಡಿಕೆ ಮಂಡಿಗಳಿಗೆ ಬಿಲ್ಲಿಂಗ್ ಕಂಪ್ಯೂಟರ್, ಕಚೇರಿಗಳಿಗೆ ಪ್ರಿಂಟರ್, ಗೋದಾಮುಗಳಿಗೆ ಸಿಸಿ ಕ್ಯಾಮೆರಾ. ಆಟಕ್ಕೆಂದು ಕಂಪ್ಯೂಟರ್ ಕಟ್ಟಿಸಿಕೊಳ್ಳುವವರು ಅಪರೂಪ. ಅಂಥದ್ದೊಂದನ್ನು ಕಟ್ಟಿ ಪರೀಕ್ಷೆ ಮಾಡುತ್ತಿದ್ದ ದಿನವೇ ಮೇಷ್ಟ್ರು ಕೋಲೂರಿಕೊಂಡು ಮೆಟ್ಟಿಲು ಹತ್ತಿ ಬಂದರು. ಎಡಗಾಲಿನ ಪಾದ ನೆಲಕ್ಕೆ ಸವರುತ್ತಿತ್ತು. ಆಸ್ಪತ್ರೆಯ ಕಾಗದಗಳನ್ನು ಸ್ಕ್ಯಾನ್ ಮಾಡಿಸಬೇಕಿತ್ತು ಅವರಿಗೆ. ಕಾಗದದ ಮೇಲಿದ್ದದ್ದನ್ನು ನಾನು ಓದಿದೆ. ನರಗಳು ಒಂದೊಂದಾಗಿ ಸತ್ತು, ಕಾಲು, ಕೈ, ಗಂಟಲು, ಕೊನೆಗೆ ಉಸಿರಿನ ಸ್ನಾಯುಗಳು ನಿಂತುಹೋಗುವ ಕಾಯಿಲೆ. ಮೈದಾನದಲ್ಲಿ ಅವರು ಬಿದ್ದದ್ದು ಅದರ ಮೊದಲ ಸೂಚನೆಯಾಗಿತ್ತು. ನಾನು ನಕ್ಕದ್ದು ನೆನಪಾಗಿ ತಲೆ ತಗ್ಗಿಸಿದೆ.

ಅವರ ಕಣ್ಣು ನನ್ನ ಮೇಲಿರಲಿಲ್ಲ. ಪರೀಕ್ಷೆಗೆ ಹಾಕಿದ್ದ ಆಟದಲ್ಲಿ ಒಬ್ಬ ಮನುಷ್ಯ ದೊಡ್ಡ ಬಯಲಿನಲ್ಲಿ ಓಡುತ್ತಿದ್ದ. ಎದೆಯುದ್ದದ ಹುಲ್ಲು ಅವನು ಹೋದ ಕಡೆ ಬಾಗಿ, ಮತ್ತೆ ಏಳುತ್ತಿತ್ತು. ಮೇಷ್ಟ್ರು ಕೂರದೆ ಅರ್ಧ ಗಂಟೆ ನಿಂತು ನೋಡಿದರು.

"ಇವನ್ನ ಯಾರ್ ಬೇಕಾದ್ರೂ ಓಡಿಸಬಹುದೇನಲೇ?"

"ಓಡಿಸಬಹುದು ಸಾರ್. ಕೈಯಾಗೆ ಎರಡು ಗುಂಡಿ ಒತ್ತಾಕೆ ಬಂದ್ರೆ ಸಾಕು."

"ಕೈ ಇನ್ನೂ ಐತೆ," ಎಂದು ಬಲಗೈ ಬೆರಳುಗಳನ್ನು ಬಿಚ್ಚಿ ಮುಚ್ಚಿ ತೋರಿಸಿದರು. "ಮನೇಲಿ ಹಳೇ ಕಂಪ್ಯೂಟರ್ ಒಂದೈತೆ, ಅದ್ರಲ್ಲಿ ಆಗ್ತೈತಾ?"

ಅದರಲ್ಲಿ ಆಗುತ್ತಿರಲಿಲ್ಲ. ಗ್ರಾಫಿಕ್ಸ್ ಕಾರ್ಡು ಬೇಕು, ಪರದೆಯ ಮೇಲೆ ಈ ಚಿತ್ರವನ್ನೆಲ್ಲ ಬಿಡಿಸುವುದು ಅದೇ ಎಂದು ವಿವರಿಸಿದೆ. ನನ್ನಲ್ಲಿ ಎರಡಿದ್ದವು. ಎರಡು ಬೇರೆ ಬೇರೆ ಕಂಪನಿಗಳವು, ಬಜಾರಿನಲ್ಲಿ ಒಂದಕ್ಕೊಂದು ಎದುರಾಳಿ. ಎರಡು ಫ್ಯಾನಿನ ಚಿಕ್ಕ ಕಾರ್ಡು ಕರೆಂಟು ಕಡಿಮೆ ಎಳೆಯುತ್ತದೆ, ಹೆಚ್ಚು ಕಾಯುವುದಿಲ್ಲ, ಸದ್ದು ಮಾಡುವುದಿಲ್ಲ. ಆದರೆ ಮೆಮೊರಿ ಕಡಿಮೆ. ಇಂಥ ದೊಡ್ಡ ಬಯಲಿನ ಆಟ ಹಾಕಿದರೆ ದೂರದ ಗಿಡಗಳನ್ನೂ ಹುಲ್ಲನ್ನೂ ಅರ್ಧಕ್ಕರ್ಧ ಕೈಬಿಡುತ್ತದೆ. ಮೂರು ಫ್ಯಾನಿನ ದೊಡ್ಡದರಲ್ಲಿ ಮೆಮೊರಿ ಅದರ ಎರಡರಷ್ಟು, ಎಲ್ಲವನ್ನೂ ತೋರಿಸುತ್ತದೆ. ಆದರೆ ಒಲೆಯಂತೆ ಕಾಯುತ್ತದೆ, ಕರೆಂಟು ವಿಪರೀತ ಎಳೆಯುತ್ತದೆ.

ಮೇಷ್ಟ್ರು ಒಂದು ಹಾಳೆ ಇಸಿದುಕೊಂಡು ನಡುವೆ ಗೆರೆ ಎಳೆದರು. ತಂಡಕ್ಕೆ ಹುಡುಗರನ್ನು ಆರಿಸುವಾಗ ಹೀಗೆಯೇ ಮಾಡುತ್ತಿದ್ದರು. "ಅಂದ್ರೆ ಒಬ್ಬ ದಮ್ಮು ಹಿಡಿದು ಓಡೋನು, ಇನ್ನೊಬ್ಬ ಜೋರಾಗಿ ಓಡಿ ಏದುಸಿರು ಬಿಡೋನು. ಹಂಗೇನು?"

"ಹೆಚ್ಚುಕಡಿಮೆ ಹಂಗೇ ಸಾರ್."

"ಎಷ್ಟು ವರ್ಷ ಬರ್ತಾವೆ?"

ಎಲ್ಲ ಗಿರಾಕಿಗಳಿಗೂ ಹೇಳುವುದನ್ನೇ ಹೇಳಿದೆ. "ದೊಡ್ಡದು ಹಾಕಿದ್ರೆ ಐದಾರು ವರ್ಷ ಅದರ ಕಡೆ ನೋಡಂಗಿಲ್ಲ ಸಾರ್. ಚಿಕ್ಕದು ಎರಡು ವರ್ಷಕ್ಕೆ ಹಳೇದಾಗ್ತೈತೆ."

ಅವರು ಪೆನ್ನು ಕೆಳಗಿಟ್ಟರು. "ನಂಗೆ ಎರಡು ಸಾಕು ಕಣಲೇ. ಡಾಕ್ಟ್ರು ಅಷ್ಟೇ ಹೇಳಿರೋದು." ಸ್ಟಾಪ್‌ವಾಚು ನೋಡಿ ಹೇಳುತ್ತಿದ್ದರಲ್ಲ, ಅದೇ ದನಿ.

ಆಗ ನಾನು ಸುಮ್ಮನೆ ಚಿಕ್ಕದನ್ನು ಕಟ್ಟಿಕೊಡಬೇಕಿತ್ತು. ಕೊಡಲಿಲ್ಲ. ಆ ದೊಡ್ಡ ಕಾರ್ಡನ್ನು ಮಂಡಿಯವರೊಬ್ಬರು ಮನೆಗೆಂದು ತರಿಸಿ, ಆಮೇಲೆ ಬೇಡ ಎಂದಿದ್ದರು. ವರ್ಷಕ್ಕೂ ಮೇಲಾಗಿ ಅದು ಡಬ್ಬಿಯೊಳಗೇ ನನ್ನಲ್ಲಿ ಬಿದ್ದಿತ್ತು, ನೋಡಿದಾಗಲೆಲ್ಲ ಸಂಕಟವಾಗುತ್ತಿತ್ತು. "ಹಂಗಿದ್ರೆ ಸಾರ್, ಇರೋವಷ್ಟು ದಿನ ಚೆನ್ನಾಗಿರೋದನ್ನೇ ನೋಡ್ರಿ," ಎಂದುಬಿಟ್ಟೆ. ಆ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು ಎಂದು ನೆನೆದರೆ ಇವತ್ತಿಗೂ ಮೈ ಮುದುಡುತ್ತದೆ. ಮೇಷ್ಟ್ರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, "ಹುಲ್ಲು ಪೂರಾ ಕಾಣ್ತೈತೆ ತಾನೆ?" ಎಂದರು. ಕಾಣುತ್ತದೆ ಎಂದೆ. "ಹುಲ್ಲು ಕಾಣಬೇಕು. ಅದನ್ನೇ ಹಾಕು," ಎಂದರು. ಅವರು ಮೆಟ್ಟಿಲಿಳಿದು ಹೋದ ಮೇಲೆ, ನನ್ನನ್ನು ಮೂಟೆ ಎಂದವರಿಗೆ ಒಂದು ಮೂಟೆ ಸಾಗಹಾಕಿದೆ ಎಂಬ ಸಣ್ಣ ಖುಷಿಯೂ ಆಯಿತು. ಮುಚ್ಚಿಟ್ಟು ಬರೆಯುವುದಾದರೆ ಬರೆಯುವುದೇ ಬೇಡ.

ಅವರ ಮನೆ ಸವಳಂಗದಲ್ಲಿ. ಮಕ್ಕಳಿಲ್ಲ, ಅವರು ಮತ್ತು ಅವರ ಹೆಂಡತಿ. ಹೈಸ್ಕೂಲಿನ ದಿನಗಳಿಂದ ನಾವೆಲ್ಲ ಆಕೆಯನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ನಾನು ಕಾರ್ಡು ಕೂರಿಸಿ ವೈರು ಜೋಡಿಸುವಾಗ ಅಮ್ಮ ಬಾಗಿಲಲ್ಲಿ ನಿಂತು ಕೇಳಿದರು: "ಕರೆಂಟ್ ಹೋದ್ರೆ ಹೆಂಗಪ್ಪ? ಇಲ್ಲಿ ದಿನಾ ಹೋಗ್ತೈತೆ."

ಪಡಸಾಲೆಯ ಮೂಲೆಯಲ್ಲಿ ಸಣ್ಣ ಇನ್ವರ್ಟರ್ ಇತ್ತು, ನಾಲ್ಕು ದೀಪ ಎರಡು ಫ್ಯಾನಿಗೆ ಆಗುವಷ್ಟು. ಈ ಕಾರ್ಡು ಪೂರ್ತಿ ಓಡಿದರೆ ಅದಕ್ಕೆ ಭಾರವಾಗುತ್ತದೆ ಎಂದು ನೋಡಿದ ತಕ್ಷಣ ನನಗೆ ತಿಳಿಯಿತು. ಹೇಳಿದರೆ ಕಾರ್ಡು ವಾಪಸು ಬರುತ್ತದೆ. "ಇನ್ವರ್ಟರ್ ಲೈನಿಗೇ ಕೊಟ್ಟೀನಿ ಅಮ್ಮ, ಏನೂ ಆಗಲ್ಲ," ಎಂದೆ.

ಮೇಷ್ಟ್ರ ಆಟ ನೋಡಬೇಕಿತ್ತು. ಆಟ ತಯಾರಿಸಿದವರು ಕುದುರೆ ಕೊಟ್ಟಿದ್ದರು, ಕತ್ತಿ ಕೊಟ್ಟಿದ್ದರು, ಯಾವುದೋ ರಾಜ್ಯ ಉಳಿಸುವ ಕೆಲಸ ಕೊಟ್ಟಿದ್ದರು. ಇವರು ಕುದುರೆ ಇಳಿದು, ಕತ್ತಿ ಬಿಸಾಡಿ, ಬರೀ ಓಡುತ್ತಿದ್ದರು. ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟಕ್ಕೆ, ಹೊಳೆ ದಾಟಿ, ಹುಲ್ಲಿನ ನಡುವೆ. ಓಡಿಸುತ್ತಲೇ ಅವನಿಗೆ ಪಾಠ. "ಮೊಣಕೈ ನೋಡಲೇ ಇವನ್ದು, ಹೊರಗೆ ಹೋಗ್ತೈತೆ. ಹಿಮ್ಮಡಿ ಮೊದಲು ಊರ್ತಾನೆ, ಮೂರ್ಖ. ಇವನಿಗೆ ಓಡಾಕೆ ಕಲಿಸಿದ ಮೇಷ್ಟ್ರು ಯಾರೋ!" ನಾನು ತಿಂಗಳಿಗೊಂದು ಸಲ ಹೋಗುತ್ತಿದ್ದೆ, ಸಾಫ್ಟ್‌ವೇರ್ ನೋಡುವ ನೆಪದಲ್ಲಿ. ಅವರ ಕಾಲುಗಳು ಗಾಲಿಕುರ್ಚಿಯ ಹಲಗೆಯ ಮೇಲೆ ಒಂದರ ಪಕ್ಕ ಒಂದು ಇಟ್ಟ ವಸ್ತುಗಳಂತೆ ಇರುತ್ತಿದ್ದವು. ಆ ಮೀನಖಂಡ ಎಲ್ಲಿ ಹೋಯಿತೋ.

ಒಂದು ದಿನ ಆಟ ನಿಲ್ಲಿಸಿ ಕೇಳಿದರು: "ಲೇ, ನಿನ್ನನ್ನ ಹೊನ್ನಾಳಿಯಾಗೆ ಓಡಿಸಿದ್ನಲ್ಲ, ಸಿಟ್ಟು ಐತಾ?"

"ಇಲ್ಲ ಸಾರ್. ಮೂಟೆ ಅಂತಿದ್ರಲ್ಲ, ಅದಕ್ಕೆ ಐತೆ."

"ಹಂಗೆ ಅಂದ್ರೆ ಹಟಕ್ಕೆ ಬಿದ್ದು ಓಡ್ತಾನೆ ಅಂದ್ಕೊಂಡಿದ್ದೆ," ಎಂದರು. "ಯಾವನೂ ಓಡಲಿಲ್ಲ. ಬರೀ ದ್ವೇಷ ಮಾಡಿದ್ರು," ಎಂದು ಮತ್ತೆ ಪರದೆಯ ಕಡೆ ತಿರುಗಿದರು.

ಕಾಯಿಲೆ ಹೇಳಿದ ದಾರಿಯಲ್ಲೇ ಬಂತು. ಕೈ ಹೋಯಿತು, ಬಲಗೈಯ ತೋರುಬೆರಳೊಂದು ಉಳಿಯಿತು. ಮಾತು ಮೊದಲು ತೊದಲಾಗಿ, ಆಮೇಲೆ ಬರೀ ಸದ್ದಾಗಿ, ಕೊನೆಗೆ ಅದೂ ನಿಂತಿತು. ಪರದೆಯ ಮೇಲೆ ಕನ್ನಡದ ಅಕ್ಷರಗಳು ಒಂದೊಂದಾಗಿ ಹೊಳೆಯುವಂತೆ ಮಾಡಿ, ಬೇಕಾದದ್ದು ಬಂದಾಗ ಅವರು ಬೆರಳಿನಿಂದ ಒಂದೇ ಗುಂಡಿ ಒತ್ತುವ ಹಾಗೆ ಜೋಡಿಸಿಕೊಟ್ಟೆ. ಅವರು ನೀರು ಕೇಳುತ್ತಿದ್ದದ್ದು, ಬೆನ್ನು ಕೆರೆಯಲು ಹೇಳುತ್ತಿದ್ದದ್ದು, ಅಮ್ಮನ ಜೊತೆ ಜಗಳವಾಡುತ್ತಿದ್ದದ್ದು ಎಲ್ಲ ಆ ಕಂಪ್ಯೂಟರಿನಲ್ಲೇ. ಆಟಕ್ಕೂ ಅದೇ ಗುಂಡಿ: ಒತ್ತಿದರೆ ಓಟ, ಮತ್ತೆ ಒತ್ತಿದರೆ ನಿಲ್ಲು. ದಿಕ್ಕು ತಿರುಗಿಸುವುದು ಅಮ್ಮನ ಕೆಲಸ. ಮೇಷ್ಟ್ರು ಕಣ್ಣನ್ನು ಎಡಕ್ಕೆ ಹೊರಳಿಸಿದರೆ ಅಮ್ಮ ಮೌಸನ್ನು ಎಡಕ್ಕೆ ತಳ್ಳುತ್ತಿದ್ದರು. ಇಬ್ಬರೂ ಹೀಗೆ ಮಧ್ಯಾಹ್ನವಿಡೀ ಆ ಬಯಲಿನಲ್ಲಿ ತಿರುಗುತ್ತಿದ್ದರು. ಅಷ್ಟರಲ್ಲಿ ಉಸಿರಾಟದ ಯಂತ್ರವೂ ಬಂದಿತ್ತು. ಮೂಗು ಬಾಯಿ ಮುಚ್ಚುವ ಮುಖವಾಡ, ಅದಕ್ಕೆ ಗಾಳಿ ತಳ್ಳುವ ಸಣ್ಣ ಪೆಟ್ಟಿಗೆ. ಅದನ್ನು ತಂದವರು ಅದರ ವೈರನ್ನೂ ಇನ್ವರ್ಟರ್ ಲೈನಿಗೇ ಸಿಕ್ಕಿಸಿ ಹೋಗಿದ್ದರು. ನಾನು ಅದನ್ನು ನೋಡಿದೆ. ನೋಡಿಯೂ ಬಾಯಿ ಬಿಡಲಿಲ್ಲ. ಮುಂದಿನ ಸಲ ಬಂದಾಗ ಏನಾದರೂ ಮಾಡೋಣ ಎಂದುಕೊಂಡೆ.

ಒಂದು ಮಧ್ಯಾಹ್ನ ಗಾಳಿ ಎದ್ದು ಕರೆಂಟು ಹೋಯಿತು. ಆಟ ಓಡುತ್ತಿತ್ತು, ಕಾರ್ಡು ಪೂರ್ತಿ ಭಾರ ಎಳೆಯುತ್ತಿತ್ತು. ಅದುವರೆಗೆ ಹೇಗೋ ತಡೆದುಕೊಂಡಿದ್ದ ಇನ್ವರ್ಟರ್, ಉಸಿರಿನ ಯಂತ್ರದ ಭಾರವೂ ಸೇರಿ, ಈ ಸಲ ಒಂದು ಕ್ಷಣ ಎಳೆದು ನಿಂತುಬಿಟ್ಟಿತು. ಕಂಪ್ಯೂಟರ್ ಆರಿತು, ಫ್ಯಾನು ನಿಂತಿತು, ಉಸಿರಿನ ಯಂತ್ರವೂ ನಿಂತಿತು. ಅಮ್ಮ ಹಿತ್ತಲಲ್ಲಿ ಒಣಗಲು ಹಾಕಿದ ಬಟ್ಟೆ ತೆಗೆಯುತ್ತಿದ್ದರು. ಮೇಷ್ಟ್ರ ಮುಖದ ಮೇಲೆ ಮುಖವಾಡ ಬಿಗಿಯಾಗಿ ಕೂತಿತ್ತು. ಅದನ್ನು ಕೀಳಲು ಕೈಯಿರಲಿಲ್ಲ, ಕೂಗಲು ಬಾಯಿರಲಿಲ್ಲ, ಅಕ್ಷರ ಒತ್ತಲು ಪರದೆಯೂ ಇರಲಿಲ್ಲ. ಬಟ್ಟೆಯನ್ನು ಮಂಚದ ಮೇಲೆ ಹಾಕಲು ಒಳಗೆ ಬಂದ ಅಮ್ಮನಿಗೆ ಮೊದಲು ಕಂಡದ್ದು ಅವರ ಕಣ್ಣು. ತುಟಿ ನೀಲಿಯಾಗಿತ್ತು. ಮುಖವಾಡ ಕಿತ್ತು, ಅವರನ್ನು ಎದೆಗೆ ಒರಗಿಸಿಕೊಂಡು ಕೂರಿಸಿ, ಅಕ್ಕಪಕ್ಕದವರು ಬಂದು ಕಂಪ್ಯೂಟರಿನ ವೈರು ಕಿತ್ತು ಇನ್ವರ್ಟರ್ ಮತ್ತೆ ಹಚ್ಚುವವರೆಗೆ ಹಾಗೇ ಹಿಡಿದಿದ್ದರು.

ಮರುದಿನ ಬೆಳಿಗ್ಗೆ ಅಮ್ಮ ಫೋನ್ ಮಾಡಿದರು. ಬೈಗುಳವಿಲ್ಲ, ಗುಮಾನಿಯೂ ಇಲ್ಲ. "ಆ ಕಂಪ್ಯೂಟರ್ ಹಾಕಿದ್ರೆ ಇನ್ವರ್ಟರ್ ನಿಂತ್ಕೊಳ್ತೈತೆ ತಮ್ಮಾ. ಅದಿಲ್ದೆ ಅವರು ಮಾತಾಡಂಗಿಲ್ಲ. ಒಂಚೂರು ಬಂದು ನೋಡಪ್ಪ." ಆಮೇಲೆ ನಡೆದದ್ದನ್ನು ಹೇಳಿದರು. ನಾನು ಅಂಗಡಿಯ ಬಾಗಿಲು ಎಳೆದೆ.

ಚಿಕ್ಕ ಕಾರ್ಡನ್ನೂ, ಉಸಿರಿನ ಯಂತ್ರಕ್ಕೆಂದೇ ಬೇರೆ ಯುಪಿಎಸ್ಸನ್ನೂ ಬೈಕಿಗೆ ಕಟ್ಟಿಕೊಂಡು ಹೋದೆ. ಮೂರು ಫ್ಯಾನಿನದನ್ನು ಬಿಚ್ಚಿ ತೆಗೆದು ಎರಡು ಫ್ಯಾನಿನದನ್ನು ಕೂರಿಸಿದೆ. ಮೇನ್ ಆಫ್ ಮಾಡಿ ಮಾಡಿ, ಏಳೆಂಟು ಸಲ ಪರೀಕ್ಷೆ ಮಾಡಿದೆ. ಎಲ್ಲ ನಡೆಯಿತು. ಆಟ ಹಾಕಿದಾಗ ಬಯಲು ಬೋಳಾಗಿತ್ತು. ಅಲ್ಲೊಂದು ಇಲ್ಲೊಂದು ಹುಲ್ಲಿನ ಕಂತೆ, ಮಧ್ಯೆ ಬರೀ ಹಸಿರು ಬಣ್ಣ ಬಳಿದ ನೆಲ. ಮೇಷ್ಟ್ರು ನೋಡಿದರು. ಗುಂಡಿ ಒತ್ತಲಿಲ್ಲ.

ಅಮ್ಮ ಕಾಫಿಗೆಂದು ಒಳಗೆ ಹೋಗಿದ್ದರು. ನಾನು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕೂತೆ. "ಸಾರ್, ದೊಡ್ಡ ಕಾರ್ಡು ಯಾರೂ ತಗಳ್ದೆ ನನ್ ಹತ್ರ ಬಿದ್ದಿತ್ತು. ಅದಕ್ಕೇ ನಿಮಗೆ ಹಚ್ಚಿದೆ. ಈ ಇನ್ವರ್ಟರ್ ತಡಿಯಲ್ಲ ಅಂತ ಅವತ್ತೇ ಗೊತ್ತಿತ್ತು. ಏನೂ ಆಗಲ್ಲ ಅಂತ ಅಮ್ಮಗೆ ಸುಳ್ಳು ಹೇಳಿದೆ," ಎಂದೆ. ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅಕ್ಷರಗಳು ಹೊಳೆಯತೊಡಗಿದವು. ಒಂದು ಪದಕ್ಕೆ ಒಂದೆರಡು ನಿಮಿಷ ಬೇಕು. ಆ ಕಾಯುವಿಕೆಯಂಥ ಶಿಕ್ಷೆಯನ್ನು ನಾನು ಅವರ ಮೈದಾನದಲ್ಲೂ ಕಂಡಿರಲಿಲ್ಲ. ಮೊದಲು ಬಂದದ್ದು: ಗೊತ್ತಿತ್ತು.

"ಹೆಂಗೆ ಸಾರ್?"

ಡಬ್ಬಿ ಮೇಲೆ ಧೂಳು.

"ಗೊತ್ತಿದ್ದೂ ಯಾಕೆ ತಗಂಡ್ರಿ?"

ಹುಲ್ಲು ಚೆನ್ನಾಗಿತ್ತು.

ಒಳಗೆ ಲೋಟದ ಸದ್ದಾಯಿತು. ಅವರ ಬೆರಳು ಮತ್ತೆ ಆಡಿತು, ಈ ಸಲ ಅವಸರದಲ್ಲಿ, ಅಕ್ಷರ ತಪ್ಪಿ ಅಳಿಸಿ ಮತ್ತೆ ಒತ್ತಿ. ಪರದೆಯ ಮೇಲೆ ಮೂಡಿತು: ಅವಳಿಗೆ ಹೇಳಬೇಡ. ಆಗಲಿ ಎಂದು ತಲೆಯಾಡಿಸಿದೆ. ಅಮ್ಮ ಬರುವಷ್ಟರಲ್ಲಿ ಅವರು ಅದನ್ನೆಲ್ಲ ಅಳಿಸಿದ್ದರು.

ಅದಾದ ಮೇಲೆ ಅವರು ಏಳು ತಿಂಗಳು ಇದ್ದರು. ಬೋಳು ಬಯಲಿನಲ್ಲೇ ಓಡಿದರು. ಒಂದು ಬೆಳಿಗ್ಗೆ ಎದೆಯಲ್ಲಿ ಕಫ ಕಟ್ಟಿ ದಾವಣಗೆರೆಗೆ ಕರೆದೊಯ್ದರು; ಮೂರನೆಯ ದಿನ ತೀರಿಕೊಂಡರು. ಸವಳಂಗದಲ್ಲಿ ಮಣ್ಣು ಮಾಡುವಾಗ ಅವರ ಹಳೆಯ ಓಟಗಾರರು ಹತ್ತು ಹನ್ನೆರಡು ಜನ ಬಂದಿದ್ದರು. ಹೆಚ್ಚು ಜನ ಬರಲಿಲ್ಲ. ಬಂದವರಲ್ಲಿ ಒಬ್ಬ, "ನನ್ನನ್ನ ಕುಂಟ ಅಂತಿದ್ರು," ಎಂದು ಹೇಳಿ, ಹೇಳಿದ್ದಕ್ಕೆ ತಾನೇ ಅತ್ತ.

ಶಿವಗಣಾರಾಧನೆ ಮುಗಿದ ಮೇಲೆ ಅಮ್ಮ ನನ್ನನ್ನು ಒಳಕೋಣೆಗೆ ಕರೆದರು. ಆಸ್ಪತ್ರೆಗೆ ಹೊರಟ ಬೆಳಿಗ್ಗೆಯಿಂದ ಕಂಪ್ಯೂಟರ್ ಹಾಗೇ ಉರಿಯುತ್ತಿತ್ತು. ಪರದೆ ತಾನಾಗಿ ಆರದಂತೆ ನಾನೇ ಮಾಡಿದ್ದೆ. ಆರಿದರೆ ಎಬ್ಬಿಸಲು ಅವರಿಗೆ ಆಗುತ್ತಿರಲಿಲ್ಲ. ಅಷ್ಟು ದಿನದಲ್ಲಿ ಕರೆಂಟು ಎಷ್ಟು ಸಲ ಹೋಗಿ ಬಂದಿತ್ತೋ, ಇನ್ವರ್ಟರ್ ಒಮ್ಮೆಯೂ ನಿಂತಿರಲಿಲ್ಲ. ಬಯಲಿನ ನಡುವೆ ಆ ಮನುಷ್ಯ ನಿಂತಿದ್ದ. ನಿಂತಾಗ ಜೀವವಿರುವಂತೆ ಕಾಣಲೆಂದು ಆಟ ತಯಾರಿಸಿದವರು ಅವನ ಎದೆ ಏರಿಳಿಯುವ ಹಾಗೆ ಮಾಡಿರುತ್ತಾರೆ.

"ತಿರುಗ್ಸಾಕೆ ಬರ್ತೈತೆ ನಂಗೆ, ಆರ್ಸಾಕೆ ಬರಲ್ಲ," ಎಂದರು ಅಮ್ಮ. ಪರದೆಯ ಕಡೆ ಬೆರಳು ತೋರಿಸಿದರು. "ನೋಡು, ಇವನಿಗೆ ಉಸಿರಾಡಾಕೆ ಯಾವ ಮಷೀನೂ ಬೇಡ."

ನಾನು ಆರಿಸಿದೆ.

"ನೀನೊಬ್ಬ ಇಲ್ದಿದ್ರೆ ಅವರು ಬಾಯಿ ಕಟ್ಕೊಂಡೇ ಹೋಗ್ತಿದ್ರು. ಭಾಳ ಉಪಕಾರ ಆತಪ್ಪ ನಿನ್ನಿಂದ," ಎಂದು ಅಮ್ಮ ನನ್ನ ಕೈ ಹಿಡಿದುಕೊಂಡರು. ಹೇಳಬೇಕೆಂದು ಬಾಯಿ ತೆರೆದೆ. ಮಾತು ಕೊಟ್ಟಿದ್ದೇನೆಂದು ಮುಚ್ಚಿದೆ. ಅವರು ಬಡಿಸಿದ್ದನ್ನು ಉಂಡು, ಎಲೆ ಎತ್ತಿ, ಬೈಕು ಹತ್ತಿ ಚನ್ನಗಿರಿಗೆ ಬಂದೆ.

ಅಮ್ಮ ಓದುವವರು, ಕೈಗೆ ಬಂದ ಯಾವ ಪುಟವನ್ನೂ ಬಿಡುವುದಿಲ್ಲ. ಇದೂ ಅವರ ಕೈಗೆ ಹೋಗಲಿ ಎಂದೇ ಬರೆದಿದ್ದೇನೆ. ಮೇಷ್ಟ್ರು ಬೇಡ ಎಂದದ್ದನ್ನು ನಾನು ಮಾಡಿದ್ದು ಇದೊಂದೇ.